ಜೋಗಿಮಟ್ಟಿ ವಿಂಡ್‌ಮಿಲ್ ಮಿನಿ ಪ್ರಾಜೆಕ್ಟ್: ರೆಕ್ಕೆ ಕಂಬ ಬಿಟ್ಟು ಸ್ಕ್ರೀನ್ ತುಂಬಾ ಸುತ್ತುತ್ತೆ, ಓಪನ್‌ಜಿಎಲ್ ಗೊತ್ತಿರೋರು ಹೇಳಿ

ದುರ್ಗದ_ಹುಡುಗಿ:

ಎಲ್ಲರಿಗೂ ನಮಸ್ಕಾರ. ನಂದು ಚಿತ್ರದುರ್ಗ, ಕಂಪ್ಯೂಟರ್ ಸೈನ್ಸ್ ಆರನೇ ಸೆಮ್. ಗ್ರಾಫಿಕ್ಸ್ ಲ್ಯಾಬಿಗೆ ಮಿನಿ ಪ್ರಾಜೆಕ್ಟ್ ಕೊಡ್ಬೇಕು. ಎಲ್ಲಾರೂ ಟ್ರಾಫಿಕ್ ಸಿಗ್ನಲ್ಲು, ಸಮುದ್ರದಲ್ಲಿ ಹಡಗು, ಸೋಲಾರ್ ಸಿಸ್ಟಂ ಇವನ್ನೇ ಮಾಡ್ತಾರೆ, ನಂಗೆ ನಮ್ಮೂರಿನ ಜೋಗಿಮಟ್ಟಿ ಗುಡ್ಡ, ಅದ್ರ ಮೇಲೆ ಸಾಲಾಗಿ ನಿಂತಿರೋ ವಿಂಡ್‌ಮಿಲ್ಲು ಇದನ್ನ ಮಾಡ್ಬೇಕು ಅಂತ ಆಸೆ, ಹೈವೇಲಿ ಬರೋರಿಗೆ ದುರ್ಗ ಬಂತು ಅಂತ ದೂರದಿಂದ ಗೊತ್ತಾಗೋದೇ ಅವುನ್ನ ನೋಡಿ. ಅದಕ್ಕೆ ಸಿ ಭಾಷೇಲಿ ಓಪನ್‌ಜಿಎಲ್ (ಚಿತ್ರ ಬಿಡಿಸೋ ಲೈಬ್ರರಿ), ಅದಕ್ಕೆ ವಿಂಡೋ ತೆರೆದು ಕೊಡೋ ಫ್ರೀಗ್ಲಟ್ ಇಟ್ಕೊಂಡು ಶುರು ಮಾಡಿದೀನಿ, ಸದ್ಯಕ್ಕೆ ಟೂಡಿ.

ಗುಡ್ಡ ಬಂತು, ಕಂಬ ಬಂತು, ಆಕಾಶಕ್ಕೆ ಮೇಲೆ ಕಡು ನೀಲಿ ಕೆಳಗೆ ತಿಳಿ ನೀಲಿ ಕೊಟ್ಟಿದೀನಿ ಅದೂ ಚೆನ್ನಾಗಿ ಬಂತು. ತೊಂದ್ರೆ ಇರೋದು ರೆಕ್ಕೆಲಿ. ಆರ್ಥೋ ಟೂಡಿ, ಅಂದ್ರೆ ಸ್ಕ್ರೀನಲ್ಲಿ ಕಾಣೋ ಅಳತೆ, ಅಡ್ಡಕ್ಕೂ ಎತ್ತರಕ್ಕೂ 0 ಯಿಂದ 10 ಇಟ್ಟಿದೀನಿ, ಕಂಬದ ತುದಿ (3, 5) ರಲ್ಲಿ ಐತೆ, ಒಂದು ರೆಕ್ಕೆ ಅಲ್ಲಿಂದ ನೆಟ್ಟಗೆ ಮೇಲಕ್ಕೆ (3, 7) ರ ತನಕ. ಈಗ ರೊಟೇಟ್ ಕೊಟ್ರೆ ಆ ರೆಕ್ಕೆ ಕಂಬದ ತುದಿಲಿ ತಿರುಗಲ್ಲ, ಎಡಗಡೆ ಹೋಗಿ ಸ್ಕ್ರೀನಿಂದಾನೇ ಆಚೆ ಹೋಗ್ತೈತೆ, ಸ್ವಲ್ಪ ಹೊತ್ತಾದ್ಮೇಲೆ ಬಲಗಡೆ ಕೆಳಗಿಂದ ವಾಪಸ್ ಬರ್ತೈತೆ. ಫ್ರೆಂಡ್ ಒಬ್ಳು ಟ್ರಾನ್ಸ್‌ಲೇಟ್ (ಜರುಗಿಸೋ ಕಮಾಂಡ್) ಹಾಕು ಅಂದ್ಲು, ರೊಟೇಟ್ ಲೈನ್ ಆದ್ಮೇಲೆ (3, 5) ಕ್ಕೆ ಟ್ರಾನ್ಸ್‌ಲೇಟ್ ಹಾಕಿದ್ರೆ ಇನ್ನೂ ದೂರ ಹೋಯ್ತು.

ಇನ್ನೊಂದು, ಎರಡನೇ ಕಂಬ (7, 4) ರಲ್ಲಿ ಐತೆ, ಅದಕ್ಕೂ ಅದೇ ಫಂಕ್ಷನ್ ಕರೆದ್ರೆ ಆ ಫ್ಯಾನು ಕಂಬದ ಹತ್ರ ಬರಲ್ಲ, ಮೇಲೆ ಬಲಗಡೆ ಎಲ್ಲೋ ಹೋಗಿ ಕೂರ್ತೈತೆ. ಮತ್ತೆ ರೆಕ್ಕೆ ಅಡ್ಡ ಬಂದಾಗ ಉದ್ದ ಆಗ್ತೈತೆ, ನೆಟ್ಟಗೆ ನಿಂತಾಗ ಗಿಡ್ಡ, ವಿಂಡೋ ಸೈಜ್ 800 ಇಂಟು 400 ಐತೆ ಅದಕ್ಕೇನಾದ್ರೂ ಸಂಬಂಧ ಐತಾ?

ರೆಡಿ ಕೋಡ್ ಬೇಡ, ನೆಟ್ಟಲ್ಲಿ ಬೇಕಾದಷ್ಟು ಐತೆ. ಯಾಕ್ ಹಿಂಗಾಗ್ತೈತೆ ಅನ್ನೋದು ತಿಳೀಬೇಕು, ವೈವಾದಲ್ಲಿ ಕೇಳಿದ್ರೆ ಬಾಯಿ ಬಿಟ್ಟು ಹೇಳಂಗಿರ್ಬೇಕು. ಸರ್, ಅಣ್ಣ, ಅಕ್ಕ ಯಾರಾದ್ರೂ ಸರಿ ಸ್ವಲ್ಪ ಹೇಳಿ.

ಮಂಡಿಪೇಟೆ_ಡಿಸೈನರ್:

ತಂಗಿ, ನಂಗೆ ಓಪನ್‌ಜಿಎಲ್ ಬರಲ್ಲ, ದಾವಣಗೆರೆ ಮಂಡಿಪೇಟೆ ಕಡೆ ಫ್ಲೆಕ್ಸ್ ಡಿಸೈನ್ ಮಾಡ್ತೀನಿ. ಆದ್ರೆ ನೀ ಹೇಳಿದ್ದು ನಾವು ದಿನಾ ಮಾಡೋ ಕೆಲ್ಸನೇ ಐತಿ ಅದಕ್ಕೆ ಬರೀತಿದೀನಿ. ಕೋರೆಲ್‌ಡ್ರಾದಾಗೆ ಒಂದ್ ಆಬ್ಜೆಕ್ಟ್ ಮೇಲೆ ಒಂದ್ಸಲ ಕ್ಲಿಕ್ ಮಾಡಿದ್ರೆ ಸುತ್ತ ಕಪ್ಪು ಚೌಕ ಬರ್ತಾವು, ಅದ್ರ ಮೇಲೇ ಇನ್ನೊಂದ್ಸಲ ಕ್ಲಿಕ್ ಮಾಡಿದ್ರೆ ಚೌಕ ಹೋಗಿ ಮೂಲೆಗೆ ಬಾಗಿದ ಬಾಣ ಬರ್ತಾವು, ನಡುವೆ ಒಂದು ಸಣ್ಣ ಗುಂಡು ಕಾಣ್ತತಿ. ಆ ಗುಂಡು ಎಲ್ಲಿಗೆ ಎಳೆದು ಇಡ್ತೀಯೋ ಆಬ್ಜೆಕ್ಟ್ ಅದ್ರ ಸುತ್ತಾನೇ ತಿರುಗ್ತತಿ. ಮದ್ವೆ ಫ್ಲೆಕ್ಸಿಗೆ ಹೂವಿನ ಚಕ್ರ ಬೇಕಂದ್ರೆ ಒಂದೇ ಎಸಳು ಬಿಡಿಸಿ, ಗುಂಡನ್ನ ಎಸಳಿನ ಬುಡಕ್ಕೆ ತಂದು, 30 ಡಿಗ್ರಿ ಕೊಟ್ಟು ಕಾಪಿ ಕಾಪಿ ಹೊಡೆದ್ರೆ 12 ಎಸಳು ಸುತ್ತ ಕೂತಿರ್ತಾವು. ಗುಂಡು ಪೇಜಿನ ಮೂಲೆಗೆ ಇದ್ರೆ ಅದೇ ಎಸಳು ಪೇಜ್ ತುಂಬ ಓಡಾಡ್ತತಿ.

ನಿನ್ ರೆಕ್ಕೆ ಎಡಗಡೆ ಹೋಗಿ ಬಲಗಡೆ ಕೆಳಗಿಂದ ಬರ್ತತಿ ಅಂದ್ರೆ ಆ ಗುಂಡು ಸ್ಕ್ರೀನಿನ ಕೆಳಗಿನ ಎಡ ಮೂಲೆಗೆ ಕೂತೈತಿ ಅಂತ ಅರ್ಥ. ಅದನ್ನ ಕಂಬದ ತುದಿಗೆ ತರೋ ಕಮಾಂಡ್ ಏನೈತೋ ಅದನ್ನ ಓದಿದೋರು ಹೇಳ್ಲಿ.

ಸಿಜಿ_ಮೇಷ್ಟ್ರು:

ನೋಡಮ್ಮ, ಮೇಲೆ ಅವ್ರು ಹೇಳಿದ್ದು ನೂರಕ್ಕೆ ನೂರು ಸರಿ, ಅದನ್ನೇ ಲೆಕ್ಕದಲ್ಲಿ ಹೇಳ್ತೀನಿ. ನಾನು ದಾವಣಗೆರೇಲಿ ಇದೇ ಸಬ್ಜೆಕ್ಟ್ ಪಾಠ ಮಾಡೋನು, ಹುಡುಗ್ರು ಸಿಕ್ಕಾಕ್ಕೊಳ್ಳೋದು ವರ್ಷಾ ವರ್ಷಾ ಇದೇ ಜಾಗದಲ್ಲಿ, ಯಾಕಂದ್ರೆ ಫಂಕ್ಷನ್ ಹೆಸರು ಬಾಯಿಪಾಠ ಮಾಡ್ತಾರೆ, ಒಂದೇ ಒಂದು ಪಾಯಿಂಟ್ ಹಿಡ್ಕೊಂಡು ಅದು ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಹಾಳೆ ಮೇಲೆ ಬರೆದು ನೋಡಲ್ಲ. ನಿನ್ನ ರೆಕ್ಕೆ ತುದಿ (3, 7) ಒಂದನ್ನೇ ತಗೋ, ಬೇರೆ ಏನೂ ಬೇಡ.

ತಿರುಗಿಸೋ ಸೂತ್ರ ನಿಂಗೆ ಗೊತ್ತು. ಹೊಸ ಎಕ್ಸ್ ಅಂದ್ರೆ ಎಕ್ಸ್ ಕಾಸ್ ಮೈನಸ್ ವೈ ಸೈನ್, ಹೊಸ ವೈ ಅಂದ್ರೆ ಎಕ್ಸ್ ಸೈನ್ ಪ್ಲಸ್ ವೈ ಕಾಸ್. 90 ಡಿಗ್ರಿಗೆ ಕಾಸ್ 0, ಸೈನ್ 1. ಹಾಕಿದ್ರೆ (-7, 3) ಬಂತು. ನಿನ್ನ ವಿಂಡೋ ಶುರುವಾಗೋದೇ 0 ಯಿಂದ, ಮೈನಸ್ 7 ಅಂದ್ರೆ ಎಡಗಡೆ ಆಚೆ. ಕಂಪ್ಯೂಟರ್ ಹೇಳಿದ್ದನ್ನೇ ಮಾಡಿದೆ. ಈ ಸೂತ್ರಕ್ಕೆ ನಿನ್ನ ಕಂಬ ಎಲ್ಲಿದೆ ಅನ್ನೋದೇ ಗೊತ್ತಿಲ್ಲ, ಅದು ಯಾವಾಗ್ಲೂ (0, 0) ಸುತ್ತಾನೇ ತಿರುಗಿಸುತ್ತೆ.

ಈಗ ಕಂಬದ ತುದಿ (3, 5) ಕಳಿ. (0, 2) ಉಳೀತು, ಅಂದ್ರೆ ಕಂಬದ ತುದಿಯಿಂದ ನೋಡಿದ್ರೆ ರೆಕ್ಕೆ ಎಷ್ಟು ದೂರ ಯಾವ ಕಡೆ ಅನ್ನೋದು. ಅದನ್ನ 90 ತಿರುಗಿಸು, (-2, 0). ಕಳೆದಿದ್ದನ್ನ ವಾಪಸ್ ಕೂಡು, (1, 5). ಕಂಬದ ಎಡಕ್ಕೆ ಸರಿಯಾಗಿ 2 ದೂರದಲ್ಲಿ, ಅದೇ ಎತ್ತರದಲ್ಲಿ ಬಂತು ನೋಡು. ಕಳಿ, ತಿರುಗಿಸು, ಕೂಡು ಇಷ್ಟೇ. ಕೋರೆಲ್‌ಡ್ರಾ ಗುಂಡು ಎಳೆದಾಗ ಒಳಗೆ ನಡೆಯೋದೂ ಇದೇ ಲೆಕ್ಕ.

ಇನ್ನು ಆರ್ಡರ್ ವಿಷಯ, ಇದನ್ನ ನಿಧಾನಕ್ಕೆ ಓದು. ಹಳೇ ಓಪನ್‌ಜಿಎಲ್‌ನಲ್ಲಿ ನೀನು ಕರೆಯೋ ಪ್ರತಿ ಟ್ರಾನ್ಸ್‌ಲೇಟ್, ರೊಟೇಟ್ ಈಗಿರೋ ಮ್ಯಾಟ್ರಿಕ್ಸಿನ (ಜರುಗಿಸೋ, ತಿರುಗಿಸೋ ಲೆಕ್ಕ ಇಟ್ಕೊಳ್ಳೋ ನಂಬರ್ ಚೌಕ) ಬಲಗಡೆಗೆ ಗುಣಿಸಿಕೊಳ್ಳುತ್ತೆ, ಪಾಯಿಂಟ್ ಬರೋದು ಎಲ್ಲದಕ್ಕಿಂತ ಬಲಗಡೆ. ಹಾಗಾಗಿ ಪಾಯಿಂಟಿಗೆ ಮೊದ್ಲು ತಗಲೋದು ಕೋಡಲ್ಲಿ ಕೊನೇಗೆ ಬರೆದಿದ್ದು. ನೀನು ರೊಟೇಟ್ ಬರೆದು ಆಮೇಲೆ ಟ್ರಾನ್ಸ್‌ಲೇಟ್ ಬರೆದೆ, ಅಂದ್ರೆ (3, 7) ಮೊದ್ಲು ಜರುಗಿ (6, 12) ಆಯ್ತು, ಆಮೇಲೆ ಮೂಲೆ ಸುತ್ತ ತಿರುಗ್ತು, ಇನ್ನೂ ದೂರ ಹೋಗದೆ ಏನು ಮಾಡುತ್ತೆ? ಕೋಡಲ್ಲಿ ಬರೀಬೇಕಾದ ಕ್ರಮ ಇದು: (3, 5) ಕ್ಕೆ ಟ್ರಾನ್ಸ್‌ಲೇಟ್, ರೊಟೇಟ್, ಮೈನಸ್ (3, 5) ಕ್ಕೆ ಟ್ರಾನ್ಸ್‌ಲೇಟ್, ಆಮೇಲೆ ರೆಕ್ಕೆ.

ಇದಕ್ಕಿಂತ ಚೆನ್ನಾಗಿರೋ ದಾರಿ ಒಂದಿದೆ, ನಾನು ಎಲ್ಲರಿಗೂ ಅದನ್ನೇ ಹೇಳೋದು. ರೆಕ್ಕೆನ (3, 5) ರಲ್ಲಿ ಬಿಡಿಸಲೇಬೇಡ. (0, 0) ಯಿಂದ (0, 2) ಗೆ ಬಿಡಿಸು, ಕಂಬ ಎಲ್ಲಿದೆ ಅನ್ನೋದು ರೆಕ್ಕೆಗೆ ಗೊತ್ತಿರೋದು ಬೇಡ. ಆಗ ಕೊನೇ ಟ್ರಾನ್ಸ್‌ಲೇಟೇ ಬೇಕಾಗಲ್ಲ, ಕಂಬಕ್ಕೆ ಟ್ರಾನ್ಸ್‌ಲೇಟ್, ಕೋನಕ್ಕೆ ರೊಟೇಟ್, ಬಿಡಿಸು, ಮತ್ತೆ 120 ರೊಟೇಟ್, ಬಿಡಿಸು, ಮತ್ತೆ 120, ಬಿಡಿಸು. ಒಂದೇ ರೆಕ್ಕೆ ಫಂಕ್ಷನ್ನಲ್ಲಿ ಗುಡ್ಡದ ಮೇಲೆ ಎಷ್ಟು ಫ್ಯಾನ್ ಬೇಕೋ ಅಷ್ಟು ಬರುತ್ತೆ.

ಎರಡನೇ ಫ್ಯಾನ್ ಮೇಲೆ ಹೋಗೋದು ಯಾಕಂದ್ರೆ ಮೊದಲ್ನೇದರ ಮ್ಯಾಟ್ರಿಕ್ಸ್ ಇನ್ನೂ ಅಲ್ಲೇ ಕೂತಿದೆ. ಅದು ಅಳಿಸಿ ಹೋಗಲ್ಲ, ಅದ್ರ ಮೇಲೇ ಇದು ಸೇರುತ್ತೆ. ಕೋನ 0 ಇದ್ರೂ (3, 5) ಮೇಲೆ (7, 4) ಸೇರಿ (10, 9) ಆಗುತ್ತೆ, ಬಲಗಡೆ ಮೇಲಿನ ಮೂಲೆ. ಪ್ರತಿ ಫ್ಯಾನಿಗೂ ಮುಂಚೆ ಪುಶ್ ಮ್ಯಾಟ್ರಿಕ್ಸ್ ಹಾಕಿ ಈಗಿರೋದನ್ನ ಎತ್ತಿಡು, ಆದ್ಮೇಲೆ ಪಾಪ್ ಮ್ಯಾಟ್ರಿಕ್ಸ್ ಹಾಕಿ ಅದನ್ನ ವಾಪಸ್ ತಗೋ. ಪುಶ್ ಮಾಡಿದಷ್ಟೂ ಪಾಪ್ ಇರ್ಲೇಬೇಕು. ಹಿಂಗೆ ಎತ್ತಿಡೋ ಜಾಗಕ್ಕೆ ಸ್ಟ್ಯಾಕ್ ಅಂತಾರೆ, ಚಿತ್ರ ಜರುಗಿಸೋ ಮಾಡೆಲ್‌ವ್ಯೂ ಸ್ಟ್ಯಾಕಿಗೆ ಕನಿಷ್ಠ 32 ಆಳ ಇರಬೇಕು ಅಂತ ನಿಯಮ ಇದೆ, ನೋಟದ ಅಳತೆ ಇಡೋ ಪ್ರೊಜೆಕ್ಷನ್‌ಗೆ ಬರೀ 2. ಪಾಪ್ ಬಿಟ್ರೆ ಪ್ರತಿ ಫ್ರೇಮಿಗೂ ಒಂದೊಂದು ಏರ್ತಾ ಹೋಗಿ ಸ್ವಲ್ಪ ಹೊತ್ತಲ್ಲೇ ತುಂಬಿಬಿಡುತ್ತೆ.

ರೆಕ್ಕೆ ಉದ್ದ ಗಿಡ್ಡ ಆಗೋದಕ್ಕೆ ವಿಂಡೋ ಸೈಜೇ ಕಾರಣ. 10 ಯೂನಿಟ್ಟನ್ನ ಅಡ್ಡಕ್ಕೆ 800 ಪಿಕ್ಸೆಲ್‌ಗೆ ಎಳೆದಿದೀಯ, ಉದ್ದಕ್ಕೆ 400 ಕ್ಕೆ. ಒಂದು ಯೂನಿಟ್ ಅಡ್ಡ 80 ಪಿಕ್ಸೆಲ್, ನೆಟ್ಟಗೆ 40. ನಿನ್ನ 2 ಯೂನಿಟ್ ರೆಕ್ಕೆ ಮಲಗಿದಾಗ 160, ನಿಂತಾಗ 80. ಅಡ್ಡಕ್ಕೆ 0 ಯಿಂದ 20 ಮಾಡು ಸರಿಹೋಗುತ್ತೆ, ಆದ್ರೆ ಅದನ್ನ ರೀಶೇಪ್ ಫಂಕ್ಷನ್ (ವಿಂಡೋ ಸೈಜ್ ಬದಲಾದಾಗ ಓಡೋದು) ಒಳಗೆ ಅಗಲ ಬೈ ಎತ್ತರ ಲೆಕ್ಕ ಹಾಕಿ ಕೊಡು, ಎಕ್ಸಾಮಿನರ್ ವಿಂಡೋ ಎಳೆದು ದೊಡ್ಡದು ಮಾಡಿದ್ರೂ ಕೆಡಬಾರದು. ಅಗಲ, ಎತ್ತರ ಎರಡೂ ಪೂರ್ಣಾಂಕ, ಭಾಗ ಮಾಡೋ ಮುಂಚೆ ಫ್ಲೋಟ್ ಮಾಡ್ಕೊ, ಇಲ್ಲಾಂದ್ರೆ ಸಿ ಭಾಷೇಲಿ 400 ಬೈ 800 ಅಂದ್ರೆ 0. ಹಾಗೇ ಜಿಎಲ್ ರೊಟೇಟ್‌ಗೆ ಕೊಡೋದು ಡಿಗ್ರಿ, ಸಿ ಭಾಷೆ ಸೈನ್ ಕಾಸ್‌ಗೆ ಕೊಡೋದು ರೇಡಿಯನ್, ಎರಡನ್ನೂ ಒಂದೇ ಪ್ರೋಗ್ರಾಮಲ್ಲಿ ಬಳಸ್ತಿದ್ರೆ ಜೋಪಾನ.

ಹೊಳಲ್ಕೆರೆ_ಹೈದ:

ಮೇಷ್ಟ್ರೇ ಒಂದ್ ಡೌಟು. ಕಳಿ ತಿರುಗಿಸು ಕೂಡು ಅಂತ ಮೂರು ಲೈನಲ್ಲಿ ಮುಗಿಯೋ ಕೆಲ್ಸಕ್ಕೆ 4 ಇಂಟು 4 ಮ್ಯಾಟ್ರಿಕ್ಸ್ ಯಾಕ್ ಬೇಕು? ತ್ರೀಡಿ ಅಂದ್ರೆ ಮೂರೇ ನಂಬರ್ ಅಲ್ವಾ, ನಾಲ್ಕನೇದು ಎಲ್ಲಿಂದ ಬಂತು ಅಂತ ನಮ್ ಕ್ಲಾಸಲ್ಲಿ ಯಾರಿಗೂ ಗೊತ್ತಿಲ್ಲ, ಹೋಮೋಜೀನಿಯಸ್ ಕೋಆರ್ಡಿನೇಟ್ ಅಂತ ಬರೆದು ಮಾರ್ಕ್ಸ್ ತಗೊಂಡು ಬರ್ತೀವಿ.

ಸಿಜಿ_ಮೇಷ್ಟ್ರು:

ಒಳ್ಳೇ ಪ್ರಶ್ನೆ ಕೇಳ್ದೆ. 2 ಇಂಟು 2 ಮ್ಯಾಟ್ರಿಕ್ಸಿಗೆ (0, 0) ಕೊಟ್ಟು ನೋಡು. ಒಳಗೆ ಯಾವ ನಂಬರ್ ಇಟ್ರೂ ಸೊನ್ನೆಗೆ ಗುಣಿಸಿ ಸೊನ್ನೆಗೆ ಕೂಡಿ (0, 0) ನೇ ಬರೋದು. ಅಂದ್ರೆ ಬರೀ ಗುಣಾಕಾರದಿಂದ ಮೂಲ ಬಿಂದುನ ಅಲ್ಲಾಡಿಸೋಕೇ ಆಗಲ್ಲ. ತಿರುಗಿಸಬಹುದು, ಹಿಗ್ಗಿಸಬಹುದು, ಓರೆ ಮಾಡಬಹುದು, ಜರುಗಿಸೋಕೆ ಮಾತ್ರ ಆಗಲ್ಲ. ಅದಕ್ಕೆ ಪ್ರತಿ ಪಾಯಿಂಟಿಗೂ ಕೊನೇಗೆ ಒಂದು 1 ಸೇರಿಸ್ತೀವಿ. ಜರುಗಿಸಬೇಕಾದ ಅಂತರನ ಮ್ಯಾಟ್ರಿಕ್ಸಿನ ಕೊನೇ ಕಾಲಂನಲ್ಲಿ ಇಟ್ರೆ ಅದು ಆ 1 ಕ್ಕೆ ಗುಣಿಸಿಕೊಂಡು ಸುಮ್ನೆ ಕೂಡಿಕೊಳ್ಳುತ್ತೆ. ಕೂಡೋ ಕೆಲಸ ಗುಣಿಸೋ ಕೆಲಸದ ಒಳಗೇ ಬಂತು.

ಲಾಭ ಏನು ಅಂದ್ರೆ ಕಳಿ, ತಿರುಗಿಸು, ಕೂಡು ಮೂರನ್ನೂ ಗುಣಿಸಿ ಒಂದೇ ಮ್ಯಾಟ್ರಿಕ್ಸ್ ಮಾಡಿ ಇಟ್ಕೋಬಹುದು. ಗುಡ್ಡಕ್ಕೆ 10,000 ಪಾಯಿಂಟ್ ಇದ್ರೂ ಒಂದೊಂದಕ್ಕೂ ಒಂದೇ ಗುಣಾಕಾರ. ಅದೇ ನಾಲ್ಕನೇ ನಂಬರ್ 0 ಇಟ್ರೆ ಅದು ಜಾಗ ಅಲ್ಲ, ದಿಕ್ಕು. ಟ್ರಾನ್ಸ್‌ಲೇಟ್ ಅದಕ್ಕೆ ತಗಲಲ್ಲ, ಬಿಸಿಲು ಬರೋ ದಿಕ್ಕಿಗೆ ಅದೇ ಬೇಕಾಗಿರೋದು. ಪರ್ಸ್‌ಪೆಕ್ಟಿವ್‌ನಲ್ಲಿ ಆ ನಾಲ್ಕನೇದು 1 ಆಗಿ ಉಳಿಯಲ್ಲ, ಕಣ್ಣಿಂದ ಎಷ್ಟು ದೂರ ಅನ್ನೋದು ಅದ್ರಲ್ಲಿ ಬಂದು ಕೂರುತ್ತೆ, ಕೊನೇಗೆ ಎಕ್ಸ್, ವೈ, ಝಡ್ ಮೂರನ್ನೂ ಅದ್ರಿಂದ ಭಾಗಿಸ್ತಾರೆ. ದೂರದ ಫ್ಯಾನ್ ಸಣ್ಣದಾಗಿ ಕಾಣೋದು ಈ ಒಂದು ಭಾಗಾಕಾರದಿಂದ.

ದುರ್ಗದ_ಹುಡುಗಿ:

ಸರ್, ಅಣ್ಣ, ತುಂಬಾ ಥ್ಯಾಂಕ್ಸ್. ರೆಕ್ಕೆನ (0, 0) ಯಿಂದ ಬಿಡಿಸಿ ಪುಶ್ ಪಾಪ್ ಹಾಕಿದ್ಮೇಲೆ ಎಲ್ಲಾ ಫ್ಯಾನೂ ಅದ್ರದ್ರ ಕಂಬದ ಮೇಲೇ ತಿರುಗ್ತಾವೆ, ಒಂದೊಂದಕ್ಕೆ ಶುರುವಿನ ಕೋನ ಬೇರೆ ಬೇರೆ ಕೊಟ್ಟಿದೀನಿ ಗುಡ್ಡದ ಮೇಲೆ ಇರಂಗೇ ಕಾಣ್ತೈತೆ, ಅಮ್ಮನ್ನ ಕರೆದು ತೋರಿಸ್ದೆ. ಅದೇ ಖುಷಿಲಿ ತ್ರೀಡಿಗೂ ಕೈ ಹಾಕಿದೀನಿ, ಎರಡು ಗುಡ್ಡ, ಮುಂದಿಂದು ಹಿಂದಿಂದು. ಯೂನಿಟ್ ಎಲ್ಲಾ ಮೀಟರ್ ಅಂತ ಇಟ್ಕೊಂಡಿದೀನಿ. ಡೆಪ್ತ್ ಟೆಸ್ಟ್ (ಯಾವ್ದು ಮುಂದೆ ಐತೆ ಅಂತ ನೋಡೋದು) ಆನ್ ಮಾಡಿದೀನಿ, ಡಿಸ್‌ಪ್ಲೇ ಮೋಡಲ್ಲಿ ಗ್ಲಟ್ ಡೆಪ್ತ್ ಕೂಡ ಕೊಟ್ಟಿದೀನಿ, ಪ್ರತಿ ಫ್ರೇಮಿಗೂ ಡೆಪ್ತ್ ಬಫರ್ ಕ್ಲಿಯರ್ ಮಾಡ್ತೀನಿ. ಆದ್ರೂ ಗುಡ್ಡದ ಕಡೆ ಕ್ಯಾಮೆರಾ ಜರುಗಿಸಿದ್ರೆ ಹಿಂದಿನ ಗುಡ್ಡ ಮುಂದಿನ ಗುಡ್ಡದ ಅಂಚಲ್ಲಿ ಪಟ್ಟೆ ಪಟ್ಟೆಯಾಗಿ ಮಿಣುಕ್ತೈತೆ. ಪರ್ಸ್‌ಪೆಕ್ಟಿವ್‌ಗೆ ನಿಯರ್ (ಎಷ್ಟು ಹತ್ರದಿಂದ ಕಾಣಬೇಕು) 0.001, ಫಾರ್ (ಎಷ್ಟು ದೂರದ ತನಕ) 1000 ಕೊಟ್ಟಿದೀನಿ, ಹತ್ರದ್ದು ಯಾವುದೂ ಕಟ್ ಆಗಬಾರ್ದು ಅಂತ.

ಇನ್ನೊಂದು, ಮನೇ ಲ್ಯಾಪ್‌ಟಾಪಲ್ಲಿ ಫ್ಯಾನ್ ನಿಧಾನಕ್ಕೆ ಚೆಂದ ತಿರುಗ್ತೈತೆ, ಲ್ಯಾಬ್ ಸಿಸ್ಟಮಲ್ಲಿ ಹಾಕಿದ್ರೆ ಸಿಕ್ಕಾಪಟ್ಟೆ ಸ್ಪೀಡು, ಒಂದೊಂದ್ಸಲ ಹಿಂದಕ್ಕೆ ತಿರುಗ್ದಂಗೂ ಕಾಣ್ತೈತೆ. ಐಡಲ್ ಫಂಕ್ಷನ್ನಲ್ಲಿ (ಬೇರೆ ಕೆಲ್ಸ ಇಲ್ದಾಗ ತಾನೇ ಓಡೋದು) ಪ್ರತಿ ಸಲ ಕೋನಕ್ಕೆ 1 ಕೂಡ್ತಿದೀನಿ. ಮತ್ತೆ ಬಂಡೆಗೆ ಫೋನಲ್ಲಿ ತೆಗೆದ ಫೋಟೋನ ಟೆಕ್ಸ್‌ಚರ್ (ಮೇಲ್ಮೈಗೆ ಅಂಟಿಸೋ ಚಿತ್ರ) ಆಗಿ ಹಾಕಿದೀನಿ, ದೂರದಲ್ಲಿ ಅದು ಚುಕ್ಕಿ ಚುಕ್ಕಿಯಾಗಿ ಕುಣೀತೈತೆ.

ಪಿಕ್ಸೆಲ್_ಅಕ್ಕ:

ಹಾಯ್, ನಾನೂ ದಾವಣಗೆರೆಯವಳೇ, ವಿದ್ಯಾನಗರ, ಈಗ ಬೆಂಗಳೂರಲ್ಲಿ ಗೇಮ್ ಕಡೆ ಕೆಲಸ. ನಿನ್ ಪ್ರಾಜೆಕ್ಟ್ ಓದಿ ಖುಷಿ ಆಯ್ತು ಕಣೇ. ನಿನ್ ಪಟ್ಟೆಗಳಿಗೆ ಕಾರಣ ಆ 0.001. ಕೆಲಸದಲ್ಲೂ ಇದನ್ನ ಪದೇ ಪದೇ ನೋಡ್ತೀವಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಡೆಪ್ತ್ ಬಫರ್ ಅಂದ್ರೆ ಪ್ರತಿ ಪಿಕ್ಸೆಲ್‌ಗೂ ಇಲ್ಲಿ ತನಕ ಬಂದಿದ್ರಲ್ಲಿ ಅತಿ ಹತ್ರದ್ದು ಎಷ್ಟು ದೂರ ಅಂತ ಒಂದು ನಂಬರ್. ಹೊಸ ತ್ರಿಕೋನದ ಪಿಕ್ಸೆಲ್ ಅದಕ್ಕಿಂತ ಹತ್ರ ಇದ್ರೆ ಬಣ್ಣ ಬರಿ, ನಂಬರ್ ಬದಲಾಯಿಸು, ದೂರ ಇದ್ರೆ ಬಿಟ್ಟಾಕು. ಎಡ್ ಕ್ಯಾಟ್ಮಲ್ 1974 ರಲ್ಲಿ ಯೂಟಾ ಯೂನಿವರ್ಸಿಟಿಯ ಪಿಎಚ್‌ಡಿ ಪ್ರಬಂಧದಲ್ಲಿ ಇದನ್ನ ಬರೆದ್ರು, ಅದೇ ವರ್ಷ ಜರ್ಮನಿಯಲ್ಲಿ ವೋಲ್ಫ್‌ಗಾಂಗ್ ಸ್ಟ್ರಾಸರ್ ಕೂಡ. ಕ್ಯಾಟ್ಮಲ್ ಆಮೇಲೆ ಪಿಕ್ಸಾರ್ ಕಟ್ಟಿದವರಲ್ಲಿ ಒಬ್ರು, 2019 ರ ಟ್ಯೂರಿಂಗ್ ಪ್ರಶಸ್ತಿ ಪ್ಯಾಟ್ ಹ್ಯಾನ್ರಹನ್ ಜೊತೆ ಬಂತು. ಆಗಿನ ಕಾಲಕ್ಕೆ ಇದು ದುಬಾರಿ ಐಡಿಯಾ. 1366 ಇಂಟು 768 ಸ್ಕ್ರೀನ್ ಅಂದ್ರೆ ಹತ್ತು ಲಕ್ಷದ ಮೇಲೆ ಪಿಕ್ಸೆಲ್, ಒಂದಕ್ಕೆ 4 ಬೈಟ್ ಇಟ್ರೂ 4 ಎಂಬಿ ಬರೀ ದೂರ ಬರ್ಕೊಳ್ಳೋಕೆ, ಇವತ್ತು ಅದು ಲೆಕ್ಕಕ್ಕೇ ಇಲ್ಲ, 1974 ರಲ್ಲಿ ಯಾರ ಹತ್ರ ಇತ್ತು ಅಷ್ಟು ಮೆಮೊರಿ.

ಈಗ ನಿನ್ ವಿಷಯ. ಆ ನಂಬರ್ ಸಾಮಾನ್ಯವಾಗಿ 24 ಬಿಟ್, ಅಂದ್ರೆ 1 ಕೋಟಿ 67 ಲಕ್ಷ ಮೆಟ್ಟಿಲು. ಪರ್ಸ್‌ಪೆಕ್ಟಿವ್‌ನಲ್ಲಿ ಭಾಗಾಕಾರ ಇದೆ ಅಂತ ಮೇಷ್ಟ್ರು ಹೇಳಿದ್ರಲ್ಲ, ಅದ್ರಿಂದ ಈ ಮೆಟ್ಟಿಲು ಸಮನಾಗಿ ಹಂಚಲ್ಲ, ಕಣ್ಣಿನ ಹತ್ರ ಒತ್ತೊತ್ತಾಗಿ ಇರತ್ತೆ, ದೂರ ಹೋದಂಗೆ ವಿರಳ. ನಿಯರ್ ಎಷ್ಟೋ ಅದ್ರ ಎರಡರಷ್ಟು ದೂರ ಹೋಗೋದ್ರೊಳಗೆ ಹೆಚ್ಚು ಕಮ್ಮಿ ಅರ್ಧ ಮೆಟ್ಟಿಲು ಖರ್ಚು. ನಿನ್ದು 0.001 ಮೀಟರ್, ಅಂದ್ರೆ 1 ಮಿಲಿಮೀಟರಿಂದ 2 ಮಿಲಿಮೀಟರ್ ಒಳಗೆ 80 ಲಕ್ಷದ ಮೇಲೆ ಮೆಟ್ಟಿಲು ಹೋಯ್ತು, ಅಲ್ಲಿ ಬಿಡಿಸೋಕೆ ಏನೂ ಇಲ್ಲ. 500 ಮೀಟರ್ ದೂರಕ್ಕೆ ಲೆಕ್ಕ ಹಾಕು: ದೂರದ ವರ್ಗನ ನಿಯರ್‌ನಿಂದ ಮತ್ತೆ ಒಟ್ಟು ಮೆಟ್ಟಿಲಿಂದ ಭಾಗಿಸಿದ್ರೆ ಒಂದು ಮೆಟ್ಟಿಲು ಸುಮಾರು 15 ಮೀಟರ್ ಬರತ್ತೆ. 15 ಮೀಟರ್ ಒಳಗೆ ಹಿಂದೆ ಮುಂದೆ ಇರೋ ಎರಡು ಬಂಡೆಗೆ ಒಂದೇ ನಂಬರ್, ಯಾವ್ದು ಗೆಲ್ಲತ್ತೆ ಅನ್ನೋದು ಫ್ರೇಮಿಂದ ಫ್ರೇಮಿಗೆ ಬದಲಾಗತ್ತೆ, ಅದೇ ಆ ಪಟ್ಟೆ. ಝಡ್ ಫೈಟಿಂಗ್ ಅಂತಾರೆ.

ನಿಯರ್ 1 ಮಾಡು. ಅದೇ 500 ಮೀಟರ್‌ಗೆ ಮೆಟ್ಟಿಲು ಒಂದೂವರೆ ಸೆಂಟಿಮೀಟರ್‌ಗೆ ಇಳಿಯತ್ತೆ. ಫಾರ್ 1000 ಇರಲಿ 5000 ಇರಲಿ ಅಷ್ಟೇನೂ ವ್ಯತ್ಯಾಸ ಆಗಲ್ಲ, ಎಲ್ಲಾ ನಿಯರ್ ಮೇಲೇ ನಿಂತಿದೆ. ನಿನ್ ಸೀನಲ್ಲಿ 1 ಮೀಟರ್‌ಗಿಂತ ಹತ್ರ ಏನೂ ಇಲ್ಲ ತಾನೆ.

ಸ್ಪೀಡ್ ವಿಷ್ಯ. ಐಡಲ್ ಫಂಕ್ಷನ್ ಸೆಕೆಂಡಿಗೆ ಎಷ್ಟು ಸಲ ಓಡತ್ತೆ ಅನ್ನೋದು ಮಷೀನ್ ಮೇಲೆ ಹೋಗತ್ತೆ. ನಿನ್ ಲ್ಯಾಪ್‌ಟಾಪ್ ಸ್ಕ್ರೀನಿಗೆ ಕಾಯ್ಕೊಂಡು 60 ಸಲ ಓಡಿದ್ರೆ ಸೆಕೆಂಡಿಗೆ 60 ಡಿಗ್ರಿ. ಲ್ಯಾಬಲ್ಲಿ ಯಾವ ತಡೆನೂ ಇಲ್ದೆ ಸಾವಿರ ಸಲ ಓಡಿದ್ರೆ 1000 ಡಿಗ್ರಿ. ಕೋನನ ಸಮಯದಿಂದ ಲೆಕ್ಕ ಹಾಕ್ಬೇಕು, ಓಡಿದ ಸಲದಿಂದಲ್ಲ. ಗ್ಲಟ್ ಗೆಟ್‌ಗೆ ಎಲಾಪ್ಸ್ಡ್ ಟೈಮ್ ಕೇಳು, ಪ್ರೋಗ್ರಾಮ್ ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ ಕೊಡತ್ತೆ. ದೊಡ್ಡ ವಿಂಡ್‌ಮಿಲ್ಲು ನಿಮಿಷಕ್ಕೆ ಸುಮಾರು 10 ರಿಂದ 20 ಸುತ್ತು ಹಾಕೋದು. 15 ಅಂತ ಇಟ್ಕೋ, 4 ಸೆಕೆಂಡಿಗೆ ಒಂದು ಸುತ್ತು, ಮಿಲಿಸೆಕೆಂಡಿಗೆ 0.09 ಡಿಗ್ರಿ. ಸಮಯ ಇಂಟು 0.09, ಅದನ್ನ 360 ರಿಂದ ಭಾಗಿಸಿ ಉಳಿದಿದ್ದು ಕೋನ. ಯಾವ ಮಷೀನಲ್ಲಿ ಹಾಕಿದ್ರೂ ಒಂದೇ ವೇಗ, ಜೋಗಿಮಟ್ಟಿಲಿ ಇರೋದ್ರ ಥರಾನೇ ನಿಧಾನ.

ಹಿಂದಕ್ಕೆ ತಿರುಗಿದಂಗೆ ಕಾಣೋದು ತುಂಬಾ ಚೆಂದದ ವಿಷ್ಯ, ವೈವಾದಲ್ಲಿ ನೀನೇ ಎತ್ತಿ ಹೇಳು. ಮೂರು ರೆಕ್ಕೆನೂ ಒಂದೇ ಥರ, ಹಾಗಾಗಿ 120 ಡಿಗ್ರಿ ತಿರುಗಿದ್ರೆ ಚಿತ್ರ ಮೊದಲಿನ ಹಾಗೇ ಕಾಣತ್ತೆ. ಕಣ್ಣಿಗೆ ಬೀಳೋ ಒಂದು ಫ್ರೇಮಿಂದ ಇನ್ನೊಂದಕ್ಕೆ 100 ಡಿಗ್ರಿ ಹೋಗಿದ್ರೆ ಕಣ್ಣಿಗೆ ಅದು 20 ಡಿಗ್ರಿ ಹಿಂದೆ ಬಂದಿದ್ದು ಅನ್ಸತ್ತೆ. 60 ದಾಟಿದ್ರೆ ಉಲ್ಟಾ ಕಾಣೋಕೆ ಶುರು. ಸಿನಿಮಾದಲ್ಲಿ ಗಾಡಿ ಚಕ್ರ ಹಿಂದಕ್ಕೆ ತಿರುಗೋದೂ ಇದೇ ಕಾರಣಕ್ಕೆ. ಇದು ಸಮಯದಲ್ಲಿ ಆಗೋ ಏಲಿಯಾಸಿಂಗ್. ನಿನ್ ಬಂಡೆ ಟೆಕ್ಸ್‌ಚರ್ ಕುಣಿಯೋದು ಜಾಗದಲ್ಲಿ ಆಗೋ ಏಲಿಯಾಸಿಂಗ್, ಎರಡರದ್ದೂ ಮೂಲ ಒಂದೇ, ವಿವರ ಎಷ್ಟಿದ್ಯೋ ಅದಕ್ಕೆ ತಕ್ಕಷ್ಟು ಸ್ಯಾಂಪಲ್ ತಗೊಂಡಿಲ್ಲ.

ದೂರದಲ್ಲಿ ಒಂದು ಸ್ಕ್ರೀನ್ ಪಿಕ್ಸೆಲ್ ಒಳಗೆ ಫೋಟೋದ ನೂರಾರು ಪಿಕ್ಸೆಲ್ ಸಿಗತ್ತೆ, ಜಿಪಿಯು (ಗ್ರಾಫಿಕ್ಸ್ ಚಿಪ್) ಅದ್ರಲ್ಲಿ ಒಂದೋ ನಾಲ್ಕೋ ಮಾತ್ರ ನೋಡಿ ಬಣ್ಣ ಕೊಡತ್ತೆ, ಕ್ಯಾಮೆರಾ ಒಂಚೂರು ಜರುಗಿದ್ರೆ ಬೇರೆ ಪಿಕ್ಸೆಲ್ ಸಿಗತ್ತೆ, ಅದಕ್ಕೆ ಕುಣಿತ. ಮಿಪ್‌ಮ್ಯಾಪ್ ಹಾಕು. 1024 ರ ಫೋಟೋನ 512, 256, 128 ಅಂತ ಅರ್ಧರ್ಧ ಮಾಡ್ತಾ 1 ರ ತನಕ ಮೊದ್ಲೇ ಸರಾಸರಿ ತೆಗೆದು ಇಡೋದು, ದೂರಕ್ಕೆ ತಕ್ಕ ಸೈಜ್ ತಗೊಳ್ಳೋದು. ಲ್ಯಾನ್ಸ್ ವಿಲಿಯಮ್ಸ್ 1983 ರಲ್ಲಿ ಕೊಟ್ಟ ಐಡಿಯಾ. ಮೆಮೊರಿ ಮೂರನೇ ಒಂದು ಭಾಗ ಮಾತ್ರ ಜಾಸ್ತಿ. ನಿನ್ ಹಳೇ ಓಪನ್‌ಜಿಎಲ್‌ಗೆ ಗ್ಲೂ ಬಿಲ್ಡ್ ಟೂಡಿ ಮಿಪ್‌ಮ್ಯಾಪ್ಸ್ ಅಂತ ಒಂದೇ ಕಾಲ್ ಇದೆ, ಮಿನ್ ಫಿಲ್ಟರನ್ನ (ದೂರದ ಟೆಕ್ಸ್‌ಚರಿಂದ ಬಣ್ಣ ಆರಿಸೋ ಸೆಟ್ಟಿಂಗ್) ಲೀನಿಯರ್ ಮಿಪ್‌ಮ್ಯಾಪ್ ಲೀನಿಯರ್‌ಗೆ ಬದಲಾಯಿಸೋದು ಮರೀಬೇಡ, ಅದು ಬದಲಾಗದಿದ್ರೆ ಮಿಪ್‌ಮ್ಯಾಪ್ ಇದ್ರೂ ಬಳಸಲ್ಲ.

ಮಂಡಿಪೇಟೆ_ಡಿಸೈನರ್:

ಫೋಟೋ ವಿಷ್ಯ ಬಂತಲ್ಲ ಒಂದ್ ಮಾತು. ಫೋನಿಂದ ಸಿಸ್ಟಮ್ಮಿಗೆ ವಾಟ್ಸಾಪಲ್ಲಿ ಫೋಟೋ ಅಂತ ಕಳ್ಸ್ಕೋಬೇಡ, ಅದು ಒತ್ತಿ ಸಣ್ಣ ಮಾಡ್ತತಿ, ಬಂಡೆ ಗೀರು ಎಲ್ಲ ಕಲೆಸಿ ಹೋಗ್ತತಿ. ಡಾಕ್ಯುಮೆಂಟ್ ಅಂತ ಕಳ್ಸು ಇಲ್ಲ ಕೇಬಲ್ ಹಾಕು. ನಮ್ಮಲ್ಲಿ 10 ಅಡಿ ಫ್ಲೆಕ್ಸಿಗೆ ಹಂಗೆ ಬಂದ ಫೋಟೋ ತರ್ತಾರೆ, 72 ಡಿಪಿಐ ಲೆಕ್ಕ ಹಿಡಿದ್ರೂ 8640 ಪಿಕ್ಸೆಲ್ ಅಗಲ ಬೇಕು, ಅದ್ರಾಗೆ ಸಾವಿರ ಚಿಲ್ರೆ ಇರ್ತಾವು, ಮುಖ ಎಲ್ಲಿಂದ ತರೋದು. ಅಕ್ಷರ ಲೋಗೋ ಆದ್ರೆ ವೆಕ್ಟರ್ ಐತಿ ಎಷ್ಟ್ ಬೇಕಾದ್ರೂ ಎಳೀಬಹುದು, ಫೋಟೋ ಹಂಗಲ್ಲ.

ಹೊಳಲ್ಕೆರೆ_ಹೈದ:

ಅಕ್ಕ, ಒಂದೊಂದೇ ಪಾಯಿಂಟ್ ಕೊಟ್ಟು ಬಿಡಿಸೋ ಜಿಎಲ್ ಬಿಗಿನ್, ಜಿಎಲ್ ಎಂಡ್ ಎಲ್ಲಾ ಹೊರಗೆ ಯಾರೂ ಬಳಸಲ್ಲ ಅಂತಾರೆ. ಇದನ್ನ ಕಲಿತು ಏನ್ ಉಪಯೋಗ, ನೇರ ಶೇಡರ್ (ಜಿಪಿಯು ಮೇಲೇ ಓಡೋ ಸಣ್ಣ ಪ್ರೋಗ್ರಾಮ್) ಕಲಿಯೋದು ಒಳ್ಳೇದಲ್ವಾ? ಗೆರೆಗೆ ಯಾವ ಪಿಕ್ಸೆಲ್ ಬರಬೇಕು ಅಂತ ಆರಿಸೋ ಬ್ರೆಸೆನ್‌ಹ್ಯಾಮ್ ಲೈನ್ ಎಲ್ಲಾ ಈಗ್ಲೂ ಕೇಳ್ತಾರೆ, ಜಿಪಿಯುನೇ ಗೆರೆ ಹಾಕ್ತೈತೆ ನಾವ್ಯಾಕೆ ಹಾಕ್ಬೇಕು.

ಪಿಕ್ಸೆಲ್_ಅಕ್ಕ:

ಬಳಸಲ್ಲ ಅನ್ನೋದು ನಿಜ. 2008 ರ ಓಪನ್‌ಜಿಎಲ್ 3.0 ನಲ್ಲೇ ಅದನ್ನ ಹಳೇದು ಅಂತ ಗುರುತು ಹಾಕಿ 2009 ರ 3.1 ರಲ್ಲಿ ತೆಗೆದ್ರು. ಕೆಲಸ ಹುಡುಕೋದಾದ್ರೆ ಶೇಡರ್ ಕಲಿಲೇಬೇಕು, ಅದ್ರಲ್ಲಿ ಎರಡನೇ ಮಾತಿಲ್ಲ. ಆದ್ರೆ ಶೇಡರ್‌ನಲ್ಲಿ ನೀನು ಬರೆಯೋದೂ ಪ್ರೊಜೆಕ್ಷನ್ ಇಂಟು ವ್ಯೂ ಇಂಟು ಮಾಡೆಲ್ ಇಂಟು ಪಾಯಿಂಟ್, ಬಲಗಡೆಯಿಂದ ಓದ್ಕೊಂಡು ಬರೋದೂ ಅದೇ. ಪುಶ್ ಪಾಪ್ ಮಾಡೋಕೆ ಅಲ್ಲಿ ಯಾರೂ ಇರಲ್ಲ, ಮ್ಯಾಟ್ರಿಕ್ಸ್ ನೀನೇ ಇಟ್ಕೋಬೇಕು. (3, 7) ನ ಹಾಳೆ ಮೇಲೆ ತಿರುಗಿಸೋಕೆ ಬರೋರಿಗೆ ಶೇಡರ್ ಒಂದು ವಾರದಲ್ಲಿ ಹಿಡಿತಕ್ಕೆ ಬರತ್ತೆ, ಬರದೇ ಇರೋರು ಯೂನಿಟಿ (ಗೇಮ್ ಮಾಡೋ ಸಾಫ್ಟ್‌ವೇರ್) ತೆಗೆದ್ರೂ ಪಿವಟ್ (ತಿರುಗೋ ಬಿಂದು) ಯಾಕೆ ತಪ್ಪಾಗಿದೆ ಅಂತಾನೇ ಒದ್ದಾಡ್ತಿರ್ತಾರೆ. ನಮ್ಮಲ್ಲಿ ಇಂಟರ್‌ವ್ಯೂಗೆ ಬರೋರಿಗೆ ನಾನು ಕೇಳೋದೂ ಇಂಥದ್ದೇ.

ಸಿಜಿ_ಮೇಷ್ಟ್ರು:

ಬ್ರೆಸೆನ್‌ಹ್ಯಾಮ್ ಬಗ್ಗೆ ನಾನು ಹೇಳ್ತೀನಿ, ಅದನ್ನ ಹಗುರ ಮಾಡ್ಬೇಡಪ್ಪ. ಜಾಕ್ ಬ್ರೆಸೆನ್‌ಹ್ಯಾಮ್ ಐಬಿಎಮ್‌ನಲ್ಲಿದ್ದಾಗ 1962 ರಲ್ಲಿ ಪೆನ್ನು ಓಡಿಸೋ ಪ್ಲಾಟರ್‌ಗೋಸ್ಕರ ಮಾಡಿದ್ದು, 1965 ರಲ್ಲಿ ಪ್ರಕಟ ಆಯ್ತು. ಡಿಡಿಎ ಅನ್ನೋ ಇನ್ನೊಂದು ಗೆರೆ ವಿಧಾನದಲ್ಲಿ ಪ್ರತಿ ಹೆಜ್ಜೆಗೂ ದಶಮಾಂಶ ಕೂಡಿ ರೌಂಡ್ ಮಾಡ್ಬೇಕು. ಇದ್ರಲ್ಲಿ ದಶಮಾಂಶವೇ ಇಲ್ಲ. (0, 0) ಯಿಂದ (5, 2) ಕ್ಕೆ ಗೆರೆ ಹಾಕು. ಅಡ್ಡ ಅಂತರ ಡಿಎಕ್ಸ್ 5, ಎತ್ತರದ ಅಂತರ ಡಿವೈ 2. ಶುರುವಿನ ನಿರ್ಧಾರದ ನಂಬರ್ 2 ಡಿವೈ ಮೈನಸ್ ಡಿಎಕ್ಸ್, ಅಂದ್ರೆ -1. ಸೊನ್ನೆಗಿಂತ ಕಮ್ಮಿ ಇದ್ರೆ ವೈ ಹಾಗೇ ಇರಲಿ, 4 ಕೂಡು. ಇಲ್ಲಾಂದ್ರೆ ವೈ ಒಂದು ಏರಿಸು, 4 ಕೂಡಿ 10 ಕಳಿ. -1, 3, -3, 1, -5 ಅಂತ ಹೋಗುತ್ತೆ, ಪಿಕ್ಸೆಲ್‌ಗಳು (1, 0), (2, 1), (3, 1), (4, 2), (5, 2). ನಿಜವಾದ ಗೆರೆ ಎತ್ತರ 0.4, 0.8, 1.2, 1.6, 2, ರೌಂಡ್ ಮಾಡಿದ್ರೆ ಅದೇ ಉತ್ತರ. ಒಂದು ಭಾಗಾಕಾರ ಇಲ್ಲದೆ, ಒಂದು ದಶಮಾಂಶ ಇಲ್ಲದೆ ಬಂತು.

ಇವತ್ತಿಗೂ ಸಣ್ಣ ಮೈಕ್ರೋಕಂಟ್ರೋಲರ್‌ಗೆ ಡಿಸ್‌ಪ್ಲೇ ಹಾಕೋರು, ಸಿಎನ್‌ಸಿ ಮಷೀನಿನ ಎರಡು ಮೋಟರ್ ಒಟ್ಟಿಗೆ ಓಡಿಸೋರು ಇದನ್ನೇ ಬಳಸ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಹಿಂದಿನ ಪಿಕ್ಸೆಲ್‌ನ ಉತ್ತರ ಇಟ್ಕೊಂಡು ಮುಂದಿನದನ್ನ ಬರೀ ಕೂಡಿ ತೆಗೆಯೋ ಯೋಚನೆ ಇದೆಯಲ್ಲ, ಅದು ತ್ರಿಕೋನ ತುಂಬೋವಾಗ, ಬಣ್ಣ ಹಂಚೋವಾಗ, ಡೆಪ್ತ್ ಲೆಕ್ಕ ಹಾಕೋವಾಗ ಮತ್ತೆ ಮತ್ತೆ ಬರುತ್ತೆ. ಹಾಳೆ ಮೇಲೆ ಒಂದು ಗೆರೆ ಹಾಕಿ ನೋಡು, ಕಾಲು ಗಂಟೆ ಸಾಕು.

ದುರ್ಗದ_ಹುಡುಗಿ:

ಅಕ್ಕ, ನಿಯರ್ 1 ಮಾಡಿದ ತಕ್ಷಣ ಪಟ್ಟೆ ಪೂರ್ತಿ ಹೋಯ್ತು. ಲ್ಯಾಬಲ್ಲೂ ಮನೇಲೂ ಒಂದೇ ಸ್ಪೀಡ್. ಬಂಡೆ ಕುಣಿಯೋದೂ ನಿಂತೈತೆ.

ಕೊನೇದು ಒಂದೇ ಒಂದು ಕೇಳ್ತೀನಿ. ಲೈಟಿಂಗ್ ಆನ್ ಮಾಡಿದೀನಿ, ಸಂಜೆ ಬಿಸಿಲು ಪಶ್ಚಿಮದಿಂದ ಬೀಳೋ ಹಂಗೆ. ಬಂಡೆ ಮೊದ್ಲು ಚೆನ್ನಾಗಿ ಕಾಣ್ತಿತ್ತು, ಸಣ್ಣದಾಯ್ತು ಅಂತ ಸ್ಕೇಲ್ 3 ಕೊಟ್ಟೆ, ಪೂರ್ತಿ ಕಪ್ಪಾಗಿಹೋಯ್ತು. ಲೈಟ್ ಮುಟ್ಟೇ ಇಲ್ಲ, ಬಣ್ಣನೂ ಮುಟ್ಟಿಲ್ಲ. ಸ್ಕೇಲ್ 0.5 ಕೊಟ್ರೆ ಕಣ್ಣಿಗೆ ಹೊಡೆಯೋ ಅಷ್ಟು ಬೆಳಕು. ದೊಡ್ಡದಕ್ಕೂ ಕಪ್ಪಿಗೂ ಏನ್ ಸಂಬಂಧ?

ಪಿಕ್ಸೆಲ್_ಅಕ್ಕ:

ನಾರ್ಮಲ್ ಹಾಳಾಗಿದೆ. ಬಿಸಿಲಿಗೆ ಮೈ ಎಷ್ಟು ಬೆಳಗತ್ತೆ ಅನ್ನೋದು ಬೆಳಕಿನ ದಿಕ್ಕು, ಮೈಯಿಂದ ನೆಟ್ಟಗೆ ಹೊರಡೋ ನಾರ್ಮಲ್ ದಿಕ್ಕು ಎರಡರ ಡಾಟ್ ಪ್ರಾಡಕ್ಟ್. ಎರಡರ ಉದ್ದನೂ 1 ಇದ್ರೆ ಮಾತ್ರ ಅದು ಕೋನದ ಕಾಸ್ ಆಗತ್ತೆ. ಸ್ಕೇಲ್ ಕೊಟ್ಟಾಗ ಓಪನ್‌ಜಿಎಲ್ ನಾರ್ಮಲ್ ಅನ್ನೂ ಬದಲಾಯಿಸತ್ತೆ, ಆದ್ರೆ ಮ್ಯಾಟ್ರಿಕ್ಸಿನ ಇನ್ವರ್ಸ್ ಟ್ರಾನ್ಸ್‌ಪೋಸ್‌ನಿಂದ (ಉಲ್ಟಾ ಲೆಕ್ಕದ ಮ್ಯಾಟ್ರಿಕ್ಸನ್ನ ಅಡ್ಡ ಉದ್ದ ಅದಲು ಬದಲು ಮಾಡಿದ್ದು). ಹಾಗಾಗಿ 3 ಕೊಟ್ರೆ ನಾರ್ಮಲ್ ಉದ್ದ ಮೂರನೇ ಒಂದು ಭಾಗ, ಬೆಳಕೂ ಅಷ್ಟೇ. 0.5 ಕೊಟ್ರೆ ನಾರ್ಮಲ್ 2, ಬೆಳಕು ಎರಡರಷ್ಟು. ಜಿಎಲ್ ನಾರ್ಮಲೈಝ್ ಅನ್ನೋದನ್ನ ಎನೇಬಲ್ ಮಾಡು, ಪ್ರತಿ ಸಲ ಉದ್ದನ 1 ಕ್ಕೆ ತಂದು ಆಮೇಲೆ ಲೆಕ್ಕ ಹಾಕತ್ತೆ. ಮುಂದೆ ಶೇಡರ್‌ಗೆ ಹೋದಾಗ ಆ ಇನ್ವರ್ಸ್ ಟ್ರಾನ್ಸ್‌ಪೋಸ್ ನೀನೇ ಮಾಡ್ಬೇಕಾಗತ್ತೆ, ಮುಖ್ಯವಾಗಿ ಅಡ್ಡಕ್ಕೊಂದು ಎತ್ತರಕ್ಕೊಂದು ಸ್ಕೇಲ್ ಕೊಟ್ಟಾಗ.

ಇನ್ನೊಂದು ವಿಷ್ಯ ನೋಡ್ಕೋ. ಹಳೇ ಓಪನ್‌ಜಿಎಲ್ ಬೆಳಕಿನ ಲೆಕ್ಕ ಹಾಕೋದು ತ್ರಿಕೋನದ ಮೂಲೆಗಳಲ್ಲಿ ಮಾತ್ರ, ಮಧ್ಯದ್ದೆಲ್ಲ ಬಣ್ಣ ಹಂಚಿ ತುಂಬತ್ತೆ. ಅನ್ರಿ ಗೂರೋ 1971 ರಲ್ಲಿ ಕೊಟ್ಟ ವಿಧಾನ. ಬುಯಿ ತುಂಗ್ ಫೋಂಗ್ 1973 ರ ಪ್ರಬಂಧದಲ್ಲಿ ಬಣ್ಣದ ಬದಲು ನಾರ್ಮಲನ್ನೇ ಹಂಚಿ ಪ್ರತಿ ಪಿಕ್ಸೆಲ್‌ಗೂ ಲೆಕ್ಕ ಹಾಕಿ ಅಂದ್ರು, ಇಬ್ರೂ ಯೂಟಾದವರೇ. ನಿನ್ ಬಂಡೆ ದೊಡ್ಡ ದೊಡ್ಡ ತ್ರಿಕೋನದಲ್ಲಿದ್ರೆ ಬಿಸಿಲಿನ ಹೊಳಪು ಮಧ್ಯದಲ್ಲಿ ಬೀಳಬೇಕಾದಾಗ ಕಾಣೋದೇ ಇಲ್ಲ. ಬಂಡೆ ಮೆಶ್ (ತ್ರಿಕೋನಗಳ ಬಲೆ) ಇನ್ನೂ ಸಣ್ಣ ಸಣ್ಣ ತ್ರಿಕೋನ ಮಾಡು, ಕಂಬಕ್ಕೆ ಬೇಕಾಗಿಲ್ಲ.